ರಸ್ತೆ ಕಡೆಯಿಂದ ಬಂದವನು

"ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ ನನ್ನ ಜೊತೆ ಬಂದುಬಿಡು, ಲೇಪೆಕಾ," ಎಂದ ಇಸಾಯಾ. ನಮ್ಮ ಹಿತ್ತಲ ಬಾಳೆತೋಟದಲ್ಲಿ ನಿಂತಿದ್ದೆವು. ಅವನ ಕಿವಿಯಲ್ಲಿ ಕೆಂಪು ದಾಸವಾಳ. ಅದನ್ನು ನೋಡುತ್ತಿದ್ದರೆ ಬಸ್ಸೇಕೆ, ಈಜಿಕೊಂಡೇ ಹೋಗಿಬಿಡೋಣ ಅನ್ನಿಸುತ್ತಿತ್ತು.

ನಮ್ಮ ಸಮೋವಾದಲ್ಲಿ ಓಡಿಹೋಗುವುದೇನು ದೊಡ್ಡ ಸುದ್ದಿಯಲ್ಲ. ಜೋಡಿ ಓಡುತ್ತದೆ, ಮಗುವಾಗುತ್ತದೆ, ಮನೆಯವರು ರಾಜಿಯಾಗುತ್ತಾರೆ. ಚರ್ಚಿನ ಮದುವೆ ಯಾವಾಗಲೋ. ಅಲ್ಲಿಯತನಕ ಪವಿತ್ರ ರೊಟ್ಟಿ ಹಂಚುವ ಪ್ರಭುಭೋಜನದ ತಟ್ಟೆ ಅವರ ಮುಂದೆ ನಿಲ್ಲುವುದಿಲ್ಲ. ನನ್ನ ಅಮ್ಮ ಹಾಗೆ ಹನ್ನೊಂದು ವರ್ಷ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದಲ್ಲಿ ಕೂತು ನೋಡಿದವಳು ನಾನು.

"ಬರಲ್ಲ," ಎಂದೆ. "ನಾನು ಬೇಕಾದ್ರೆ ಹೀಗೆ ಹಿತ್ತಲಿಂದಲ್ಲ, ಎಲ್ಲರೂ ನೋಡೋ ಹಾಗೆ ರಸ್ತೆ ಕಡೆಯಿಂದ ಬಾ. ಅಪ್ಪನ್ನ ಕೇಳು. ಮದುವೆ ಆಗೋ ತನಕ ಕೈಯೂ ಮುಟ್ಟೋ ಹಾಗಿಲ್ಲ."

"ನಿನ್ನ ನಾಲ್ಕು ಜನ ಅಣ್ಣಂದಿರು ನನ್ನ ಮೂಳೆ ಮುರೀತಾರೆ ಕಣೇ."

"ಮುರೀಲಿ. ದೇವರ ಮುಂದೆ ತಲೆ ಎತ್ತಿ ನಿಲ್ಲೋಕಾಗದ ಪ್ರೀತಿ ನನಗೆ ಬೇಡ."

ಹೇಳುವುದೇನೋ ಹೇಳಿದೆ. ನನಗೇನು ಆಸೆ ಇರಲಿಲ್ಲವೇ? ಅವನು ಮುಖ ಸಪ್ಪಗೆ ಮಾಡಿಕೊಂಡು ಹೋದ ಮೇಲೆ ಪಕ್ಕದ ಬಾಳೆಗಿಡವನ್ನೇ ತಬ್ಬಿಕೊಂಡು ಅತ್ತೆ.

ಮೂರು ವಾರ ಆಸಾಮಿ ಪತ್ತೆಯಿಲ್ಲ. ಗೆಳತಿಯರು ಬೇರೊಬ್ಬಳ ಹೆಸರೆತ್ತಿ ಚುಚ್ಚಿದರು. ಪಾದ್ರಿಗಳು ಪರಿಶುದ್ಧ ಬದುಕಿನ ಬಗ್ಗೆ ಬೋಧಿಸಿದ ಭಾನುವಾರ ನಾನು ದೇವರ ಮೇಲೇ ಮುನಿಸಿಕೊಂಡೆ. ನಿನ್ನ ಮಾತು ಕೇಳಿದ್ದಕ್ಕೆ ಇದೇನಾ ಬಹುಮಾನ?

ಮುಂದಿನ ಶನಿವಾರ ಸಂಜೆ ಪ್ರಾರ್ಥನೆಯ ಶಂಖ ಕೇಳಿಸಿತು. ಶಂಖ ಊದಿದ ಮೇಲೆ ರಸ್ತೆಯಲ್ಲಿ ಯಾರೂ ನಡೆಯುವಂತಿಲ್ಲ, ಇದ್ದಲ್ಲೇ ಕೂರಬೇಕು. ಗೋಡೆಯಿಲ್ಲದ ನಮ್ಮ ಮನೆಯಿಂದ ತಲೆಯೆತ್ತಿ ನೋಡುತ್ತೇನೆ, ಎದುರಿಗೇ ರಸ್ತೆಯಲ್ಲಿ ಇಸಾಯಾ ಕೂತಿದ್ದಾನೆ! ಬಿಳಿ ಅಂಗಿ, ಪಕ್ಕದಲ್ಲಿ ಅವನ ಚಿಕ್ಕಪ್ಪ, ಇಬ್ಬರ ನಡುವೆ ಹೆಣ್ಣು ಕೇಳಲು ಕಾಣಿಕೆಯಾಗಿ ತಂದ, ಇಡಿಯಾಗಿ ಸುಟ್ಟ ಹಂದಿ. ಗಡಿಬಿಡಿಯಲ್ಲಿ ಹೊತ್ತನ್ನೂ ನೋಡದೆ ಹೊರಟಿದ್ದ, ದಡ್ಡ. ಇಡೀ ಊರು ಕೂತಲ್ಲಿಂದಲೇ ಅವನನ್ನು ನೋಡುತ್ತಿತ್ತು. ಹಂದಿಯ ವಾಸನೆಗೆ ಮೂರು ನಾಯಿ ಬಂದವು. ಸದ್ದು ಮಾಡುವಂತಿಲ್ಲವಲ್ಲ, ಪಾಪ ಕಣ್ಣಲ್ಲೇ ಗದರಿಸುತ್ತಿದ್ದ.

ಅಪ್ಪನೂ ನೋಡಿದರು. ಹತ್ತು ನಿಮಿಷದ ಪ್ರಾರ್ಥನೆಯನ್ನು ಬೇಕೆಂದೇ ಎಳೆದರು. ಸರ್ಕಾರಕ್ಕೆ, ಕೆಸುವಿನ ಗೆಡ್ಡೆಗೆ, ನ್ಯೂಜಿಲೆಂಡಿನ ನೆಂಟರಿಗೆ, ಎಲ್ಲರಿಗೂ ಒಳ್ಳೆಯದು ಬೇಡಿದರು. ಅಣ್ಣಂದಿರು ನಗು ತಡೆಯಲಾಗದೆ ಒದ್ದಾಡಿದರು. ಇಸಾಯಾ ಕದಲಲಿಲ್ಲ. ಒಮ್ಮೆ ನನ್ನತ್ತ ನೋಡಿ ತುಟಿಯಂಚಲ್ಲಿ ನಕ್ಕ. ನನಗೆ ಆಮೇಲಿನ ಪ್ರಾರ್ಥನೆ ಒಂದಕ್ಷರವೂ ಕೇಳಿಸಲಿಲ್ಲ.

ಕೊನೆಯದು ಮಾತ್ರ ಕೇಳಿಸಿತು. ಅಪ್ಪ ರಸ್ತೆಯತ್ತ ತಿರುಗಿ ಬೇಡಿದರು. "ಕರ್ತನೇ, ನಾನು ಇವಳಮ್ಮನ್ನ ಹಿತ್ತಲಿಂದ ಕರ್ಕೊಂಡು ಹೋದವನು. ಈ ಹುಡುಗ ರಸ್ತೆ ಕಡೆಯಿಂದ ಬಂದಿದ್ದಾನೆ. ಇವನನ್ನ ಆಶೀರ್ವದಿಸು."

"ಆಮೆನ್," ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವಳು ಅಮ್ಮ. ಶಂಖ ಮತ್ತೆ ಊದಿದ್ದೇ ತಡ, ನಾಲ್ಕೂ ಅಣ್ಣಂದಿರು ಹೋಗಿ ಹಂದಿ ಹೊತ್ತು ತಂದರು.

ಮೂರು ವಾರ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಇಸಾಯಾನಿಗೆ ಪಿಸುಗುಟ್ಟಿದೆ.

"ಚಿಕ್ಕಪ್ಪನ್ನ ಒಪ್ಪಿಸೋಕೆ ಒಂದು ವಾರ. ನನ್ನನ್ನೇ ಒಪ್ಪಿಸೋಕೆ ಎರಡು." ಕೈ ಚಾಚಿದವನು, ನೆನಪಾಗಿ, ಬೆನ್ನ ಹಿಂದೆ ಕಟ್ಟಿಕೊಂಡ.

ಮದುವೆಯಾದ ಮೊದಲ ಭಾನುವಾರ ಪ್ರಭುಭೋಜನದ ತಟ್ಟೆ ನಮ್ಮ ಮುಂದೆ ಬಂದು ನಿಂತಿತು. ಪಕ್ಕದಲ್ಲೇ ಅಮ್ಮ, ಮೊದಲನೇ ಬೆಂಚಿನಲ್ಲಿ, ತಲೆ ಎತ್ತಿಕೊಂಡು ಕೂತಿದ್ದಳು. ಇಸಾಯಾ ನನ್ನ ಕೈ ಹಿಡಿದುಕೊಂಡ, ಇಡೀ ಊರು ನೋಡುವಂತೆ.