ತಿರುಗದ ಫ್ಯಾನಿನಲ್ಲೊಂದು ಗೂಡು

"ಕೈ ತೆಗೀರಿ ಅಲ್ಲಿಂದ."

ಸ್ಪ್ಯಾನರ್ ಹಿಡಿದು ಮನೆಯಿಂದ ಹೊರಬಂದವಳ ಎದೆ ಧಸಕ್ಕೆಂದಿತ್ತು. ಕಾರಿನ ಬಾನೆಟ್ ತೆರೆದಿಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಯಾರೋ ಅಪರಿಚಿತ ಅದರೊಳಗೆ ಕೈ ಚಾಚಿ ನಿಂತಿದ್ದ. ಹುಬ್ಬಿನ ಮೇಲೆ ಮೈದಾ ಹಿಟ್ಟು, ತೋಳಿನ ಮೇಲೆ ಸುಟ್ಟ ಹಳೆಯ ಗೆರೆಗಳು.

ಅವನು ಕೈ ತೆಗೆಯಲಿಲ್ಲ.

"ಸ್ವಲ್ಪ ಮೆಲ್ಲಗೆ ಮಾತಾಡಿ," ಎಂದ. "ಬಿಸಿಲು ಬೀಳ್ತಿದೆ ಅವಕ್ಕೆ."

ಅವಕ್ಕೆ ಅಂದರೆ...?

ಸಿಟ್ಟಿನಲ್ಲೇ ಬಗ್ಗಿ ನೋಡಿದಳು. ಮುಂದಿನ ಜಾಲರಿಯ ಹಿಂದೆ, ಕೆಟ್ಟುಹೋದ ಫ್ಯಾನಿನ ರೆಕ್ಕೆಗಳ ನಡುವೆ, ಒಣಹುಲ್ಲು ಮತ್ತು ದಾರದ ಎಳೆಗಳಿಂದ ಹೆಣೆದ ಒಂದು ಗೂಡು. ಅದರೊಳಗೆ ಇನ್ನೂ ಕಣ್ಣು ಬಿಡದ ನಾಲ್ಕು ಮರಿಗಳು. ಅವನ ಅಂಗೈಯ ನೆರಳು ಅವುಗಳ ಮೇಲೆ ಕೊಡೆಯಂತೆ ನಿಂತಿತ್ತು.

ಅವಳು ಮನೆಮನೆಗೆ ಹೋಗಿ ರೋಗಿಗಳಿಗೆ ಕೈಕಾಲು ಆಡಿಸಲು ಕಲಿಸುವ ಫಿಸಿಯೋ. ದಿನವಿಡೀ ಮನುಷ್ಯರ ಉಸಿರು ನೋಡಿ ಅಭ್ಯಾಸವಾಗಿತ್ತು. ಆದರೆ ಇಷ್ಟು ಪುಟ್ಟ ಎದೆ ಇಷ್ಟು ಹಠದಿಂದ ಬಡಿಯುವುದನ್ನು ಅವಳೆಂದೂ ಕಂಡಿರಲಿಲ್ಲ.

ಕೈಯಲ್ಲಿದ್ದ ಸ್ಪ್ಯಾನರ್ ತಾನಾಗಿಯೇ ಕೆಳಗಿಳಿಯಿತು.

ಅವನು ಮಹಡಿಗೆ ಹೊಸದಾಗಿ ಬಂದ ಬಾಡಿಗೆಯವನು, ಬೇಕರಿಯಲ್ಲಿ ಬ್ರೆಡ್ ಸುಡುವ ಕೆಲಸ. ಬೆಳಗ್ಗೆ ಕೆಲಸ ಮುಗಿಸಿ ಬರುವಾಗಲೆಲ್ಲ ತಾಯಿಹಕ್ಕಿ ಜಾಲರಿಯೊಳಗೆ ಹೋಗಿಬರುವುದನ್ನು ನೋಡಿದ್ದನಂತೆ.

ಎ.ಸಿ.ಯ ಬಿಸಿ ಹೊರಹಾಕುವ ಆ ಫ್ಯಾನು ಸುಟ್ಟುಹೋದಾಗಿನಿಂದ ಕಾರು ನಿಂತೇ ಇತ್ತು. ಓಡುವಾಗ ಹೇಗೋ ತಣ್ಣಗಿರುತ್ತಿತ್ತು. ಸಿಗ್ನಲ್‌ನಲ್ಲಿ ನಿಂತರೆ ಒಳಗೆಲ್ಲ ಕೆಂಡ. ಹೃದಯದ ತೊಂದರೆಯಿದ್ದ ಅಮ್ಮನನ್ನು ಅದರಲ್ಲಿ ಆಸ್ಪತ್ರೆಗೆ ಕರೆದೊಯ್ಯುವಂತಿರಲಿಲ್ಲ. ಬೇರೆ ಊರಿನಲ್ಲಿ ಗ್ಯಾರೇಜ್ ಇಟ್ಟಿದ್ದ ಅಣ್ಣ ಹೊಸ ಫ್ಯಾನು ಕಳಿಸಿ, ನೀರು ಕುಡಿದಷ್ಟು ಸುಲಭ, ನೀನೇ ಹಾಕ್ಕೋ ಎಂದು ಫೋನಿನಲ್ಲಿ ಎಲ್ಲ ಹೇಳಿಕೊಟ್ಟಿದ್ದ.

ಈಗ ಏನು ಮಾಡುವುದು?

ವಿಷಯ ಕೇಳಿ ಅಮ್ಮ ಒಂದೇ ಮಾತು ಹೇಳಿದರು. "ಬಾಣಂತಿ ಕೈಲಿ ಯಾರಾದ್ರೂ ಮನೆ ಖಾಲಿ ಮಾಡಿಸ್ತಾರೇನೇ?"

ಫ್ಯಾನಿನ ಡಬ್ಬ ಕಟ್ಟಿದಂತೆಯೇ ಮೂಲೆ ಸೇರಿತು.

ಅಂದಿನಿಂದ ಅವನು ಕೆಲಸದಿಂದ ಬರುವ ಹೊತ್ತಿಗೂ ಅವಳು ಕೆಲಸಕ್ಕೆ ಹೊರಡುವ ಹೊತ್ತಿಗೂ ಸರಿಹೋಗತೊಡಗಿತು. ಇಬ್ಬರೂ ಜಾಲರಿಯ ಸಂದಿಯಲ್ಲಿ ಇಣುಕುತ್ತಿದ್ದರು. ಮರಿಗಳು ಕಣ್ಣು ಬಿಟ್ಟವು... ಪುಕ್ಕ ಬಂತು... ಹಿಟ್ಟು ಉಬ್ಬುವುದನ್ನು ನೋಡುತ್ತಾ ಕೂತರೆ ತನಗೆ ಈಗಲೂ ಬೆರಗಾಗುತ್ತದೆ ಎಂದು ಅವನೊಂದು ದಿನ ಹೇಳಿದ. ಮಲಗಿದಲ್ಲೇ ಇದ್ದ ಅಜ್ಜನೊಬ್ಬ ಮೊದಲ ಸಲ ಬೆರಳು ಮಡಚಿದ ಕಥೆಯನ್ನು ಅವಳು ಹೇಳಿದಳು. ಅದನ್ನು ಅವನಷ್ಟು ಕಿವಿಗೊಟ್ಟು ಕೇಳಿದವರು ಯಾರೂ ಇರಲಿಲ್ಲ.

'ಇವನ ಜೊತೆ ನಿಂತರೆ ಹೊತ್ತು ಹೋಗುವುದೇ ಗೊತ್ತಾಗಲ್ಲವಲ್ಲ...' ಸ್ಕೂಟರ್ ಓಡಿಸುತ್ತಾ ಒಬ್ಬಳೇ ನಗುತ್ತಿದ್ದಳು.

ಆದರೆ ಒಂದು ಮಧ್ಯಾಹ್ನ ಎಲ್ಲ ತಲೆಕೆಳಗಾಯಿತು. ಟ್ಯಾಕ್ಸಿ ಸಿಗದೆ ಅಮ್ಮನನ್ನು ಆಸ್ಪತ್ರೆಯಿಂದ ಆಟೋದಲ್ಲಿ ಕರೆತರುತ್ತಿದ್ದಳು. ಸುಡುಬಿಸಿಲು, ಕದಲದ ಟ್ರಾಫಿಕ್. ಮನೆ ಬಾಗಿಲಿಗೆ ಬರುವಷ್ಟರಲ್ಲಿ ಅಮ್ಮನಿಗೆ ಎಚ್ಚರ ತಪ್ಪಿತ್ತು. ಮೆಟ್ಟಿಲಲ್ಲಿದ್ದ ಬೇಕರಿಯವನೇ ಓಡಿಬಂದು ಅವರನ್ನು ಎತ್ತಿಕೊಂಡು ಒಳಗೆ ಮಲಗಿಸಿದ. ಅಮ್ಮ ಕಣ್ಣು ಬಿಟ್ಟ ಮೇಲೆ ಅವಳ ಅಳು ಕಟ್ಟೆಯೊಡೆಯಿತು.

"ಆ ಗೂಡೊಂದು ಇಲ್ಲದಿದ್ರೆ ಅಮ್ಮನಿಗೆ ಈ ಗತಿ ಬರ್ತಿರ್ಲಿಲ್ಲ."

ಅವನು ಕೇಳಿಸಿಕೊಂಡ. ಅಮ್ಮನ ಪಕ್ಕ ನೀರಿನ ಲೋಟ ಇಟ್ಟು ಹೋದ.

ಮರುದಿನ ಊಟದ ಹೊತ್ತಿಗೆ ಮನೆಗೆ ಬಂದಾಗ ಬಾನೆಟ್ ತೆರೆದಿತ್ತು. ಅವನು ಬಗ್ಗಿ ಉಳಿದ ಹುಲ್ಲುಕಡ್ಡಿಗಳನ್ನು ಆಯುತ್ತಿದ್ದ. ಗೂಡು ಇರಲಿಲ್ಲ. ಮರಿಗಳೂ ಇರಲಿಲ್ಲ.

"ಗೂಡೆಲ್ಲಿ?"

"ತೆಗೆದೆ. ಬೆಳಗ್ಗೆ..."

"ಸಂಕಟಕ್ಕೆ ನಾನೊಂದು ಮಾತು ಅಂದ್ರೆ, ನೀವು ಹೋಗಿ ಅವುಗಳ ಮನೆಯನ್ನೇ ಕಿತ್ತು ಹಾಕ್ತೀರಾ?"

ಅವನ ಮುಖ ಬಿಳಚಿಕೊಂಡಿತು. ಕೈ ಒರೆಸಿಕೊಂಡು ಮೆಟ್ಟಿಲು ಹತ್ತಿಬಿಟ್ಟ.

ಅವಳು ಉರಿಯುತ್ತಲೇ ಒಳಗೆ ಬಂದಳು. ಕಿಟಕಿಯ ಬಳಿ ಕುರ್ಚಿಯಲ್ಲಿ ಅಮ್ಮ ಕೂತಿದ್ದರು. ಮಡಿಲಲ್ಲಿ ಖಾಲಿ ಗೂಡು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

ಬೆಳಗ್ಗೆ ಅವಳು ಕೆಲಸಕ್ಕೆ ಹೊರಟ ಮೇಲೆ ಮರಿಗಳು ಹಾರಿಹೋದವಂತೆ. ಮೂರು ಸಲೀಸಾಗಿ ಎದುರಿನ ಮರಕ್ಕೆ ಹಾರಿದವು. ನಾಲ್ಕನೆಯದು ರಸ್ತೆಯ ನಡುವೆ ಬಿದ್ದು, ಅಲ್ಲೇ ಕೂತುಬಿಟ್ಟಿತು. ಅಷ್ಟರಲ್ಲಿ ಸಿಲಿಂಡರ್ ಲಾರಿ ಬಂತು. ಬೇಕರಿಯವನು ಓಡಿಹೋಗಿ ಎರಡೂ ಕೈ ಚಾಚಿ ಅಡ್ಡ ನಿಂತ. ಡ್ರೈವರ್ ಬೈಯುತ್ತಾ ಇಳಿದವನು ಮರಿಯನ್ನು ನೋಡಿ ಸುಮ್ಮನಾಗಿ, ತಾನೇ ಹಿಂದೆ ಹೋಗಿ ಉಳಿದ ಗಾಡಿಗಳನ್ನು ನಿಲ್ಲಿಸಿದ.

"ಬೀದಿ ತುದಿವರೆಗೂ ಗಾಡಿ ನಿಂತಿದ್ವು ಕಣೇ. ಒಂದು ಹಾರ್ನ್ ಇಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ಕಾದ್ರು. ಅದು ಮೈ ಕೊಡವಿ, ಎರಡು ಸಲ ಎದ್ದು ಬಿದ್ದು... ಹಾರ್ತು ನೋಡು! ಡ್ರೈವರ್ ಕೂಡ ಕಣ್ಣೊರೆಸಿಕೊಂಡ." ಅಮ್ಮ ಗೂಡನ್ನು ಸವರಿದರು. "ಕಾರಿನ ಕೀಲಿ ಕೊಟ್ಟು, ಇದನ್ನ ತಂದುಕೊಡು ಅಂತ ನಾನೇ ಕೇಳಿದ್ದು."

ಅವಳಿಗೆ ಮೈ ಜುಮ್ಮೆಂದಿತು. ಇಡೀ ಬೀದಿಯನ್ನು ಬರಿಗೈಯಲ್ಲಿ ತಡೆದು ನಿಲ್ಲಿಸಿದವನಿಗೆ ತಾನು ಅಂದದ್ದೇನು...

ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು. ಅವನು ತೆರೆದ.

"ತಪ್ಪಾಯ್ತು," ಎಂದಳು.

"ನೀವು ಬೈದಿದ್ದಕ್ಕೆ ಬೇಜಾರಿಲ್ಲ," ಅವನು ನೆಲ ನೋಡುತ್ತಾ ಹೇಳಿದ. "ನಾನು ಅಂಥವನು ಅಂತ ನಂಬಿಬಿಟ್ರಲ್ಲ, ಅದಕ್ಕೆ."

ಅವಳ ಕಣ್ಣು ತುಂಬಿ ಬಂತು. "ಇನ್ನೊಂದು ಸಲ ಮೊದಲು ಕೇಳ್ತೀನಿ. ಆಮೇಲೆ ಬೈತೀನಿ."

ಅವನಿಗೆ ನಗು ತಡೆಯಲಾಗಲಿಲ್ಲ.

"ಫ್ಯಾನು ಹಾಕ್ಬೇಕು. ಬರ್ತೀರಾ?"

"ನಿಮಗೇ ಬರುತ್ತಲ್ಲ."

"ಬರುತ್ತೆ. ಆದರೂ ಬನ್ನಿ."

ಅವಳು ಬ್ಯಾಟರಿಯ ವೈರ್ ಬಿಚ್ಚಿಟ್ಟು, ಫ್ಯಾನಿನ ಸಾಕೆಟ್ ಕಳಚಿದಳು. ಬೋಲ್ಟುಗಳಲ್ಲಿ ಒಂದು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಕದಲಲಿಲ್ಲ. ಅವನು ತಿರುಗಿಸಿ ಸೋತ. ಅವಳು ಎಣ್ಣೆ ಬಿಟ್ಟು, ಕಾದು, ಮಣಿಕಟ್ಟಿನ ಒಂದೇ ಪಟ್ಟಿನಲ್ಲಿ ಬಿಚ್ಚಿದಾಗ ಅವನು ಕಣ್ಣರಳಿಸಿ ಆ ಕೈಗಳನ್ನೇ ನೋಡಿದ. ಹಳೆಯ ಫ್ಯಾನು ಮೇಲೆ ಬಂತು. ಹೊಸದನ್ನು ಅವನು ಹಿಡಿದುಕೊಂಡ, ಅವಳು ಬಿಗಿ ಮಾಡಿದಳು.

ವೈರ್ ಸಿಕ್ಕಿಸಿ, ಕಾರು ಸ್ಟಾರ್ಟ್ ಮಾಡಿ ಎ.ಸಿ. ಒತ್ತಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಟಕ್ ಎಂಬ ಸದ್ದು... ರೆಕ್ಕೆಗಳು ಸುತ್ತಿ ಸುತ್ತಿ ಕಣ್ಣಿಗೇ ಕಾಣದಾದವು. ಕಾರಿನೊಳಗೆ ತಣ್ಣನೆಯ ಗಾಳಿ ಹರಿಯಿತು. ಅವನು ಬಂದು ಪಕ್ಕದ ಸೀಟಿನಲ್ಲಿ ಕೂತು, ಇಬ್ಬನಿ ಮುಟ್ಟುವವನಂತೆ ಆ ಗಾಳಿಗೆ ಬೆರಳು ಒಡ್ಡಿದ.

"ಮರಿಗಳು ಬೇಗ ಹಾರ್ಲಿ ಅಂತ ನೀವು ಕಾಯ್ತಿದ್ರಿ," ಎಂದ ಮೆಲ್ಲನೆ. "ನಾನು ಇನ್ನೊಂದು ದಿನ ಇರ್ಲಿ, ಇನ್ನೊಂದು ದಿನ ಇರ್ಲಿ ಅಂದ್ಕೊಳ್ತಿದ್ದೆ. ಅವು ಹೋದ್ಮೇಲೆ ನಿಮ್ಮನ್ನ ಮಾತಾಡ್ಸೋಕೆ ನನ್ನ ಹತ್ರ ಏನೂ ಇರಲ್ವಲ್ಲ."

ಅವಳು ಗ್ರೀಸು ಮೆತ್ತಿದ ಕೈಯನ್ನು ಅವನ ಕೈಯ ಮೇಲಿಟ್ಟಳು.

"ನಾನಿದ್ದೀನಲ್ಲ. ಸಾಲದಾ?"

ಅವನು ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. ಆಮೇಲೆ ಕೇಳಿದ, "ಅಮ್ಮ ಏನಂತಾರೋ?"

"ಆಗಲೇ ಅಂದಾಯ್ತು, ನಾನು ಮೇಲೆ ಓಡಿ ಬರುವಾಗ."

"ಏನಂತ?"

"ನಿನಗೆ ಕಣ್ಣಿದೆ, ನೋಡೋಕೆ ಬರಲ್ಲ ಅಂತ."

ಅವನು ಅವಳತ್ತ ತಿರುಗಿದ. "ಈಗ ಬಂತಾ?"

"ಬಂತು," ಎಂದಳು, ಅವನಿಂದ ಕಣ್ಣು ಕೀಳದೆ.