ಸೇತುವೆಯ ಕೆಳಗಿನ ತೆಳು ಹಿಮ

ತಿಪ್ಪಣ್ಣ ಮಾಸ್ಕ್ ಕೂಡ ತೆಗೆಯದೆ ಚಿರಂತನನ ಬಾಯಿಗೆ ಗುದ್ದಿದ.

ಚಿರಂತನ ಕೋಟೆಯ ಮರದ ಸೇತುವೆಯ ಮೇಲೆ ಕುಸಿದು ರಕ್ತ ಉಗುಳಿದ. "ಯಾರು ನೀವು?"

"ಆಕಿನ್ನ ಮದಿವಿ ಆಗಾಂವ."

ಚಿರಂತನ ಅಮೂಲ್ಯಾಳತ್ತ ನೋಡಿದ. ಅವಳು ಅಲ್ಲ ಅನ್ನಲಿಲ್ಲ.

ಲಾಕ್‌ಡೌನಿನಿಂದ ಆ ಡಚ್ ಕೋಟೆಗೆ ಪ್ರವಾಸಿಗರಿರಲಿಲ್ಲ. ಗೋಡೆ ಪರೀಕ್ಷಿಸಲು ಎನ್ಸ್‌ಕೆಡೆಯ ಯೂನಿವರ್ಸಿಟಿಯಿಂದ ಅಮೂಲ್ಯಾ, ಚಿರಂತನ ಇಬ್ಬರೇ ಬರುತ್ತಿದ್ದರು. ಬಾಗಲಕೋಟೆಯ ಅವಳದು ಇಟ್ಟಿಗೆ, ಮೈಸೂರಿನ ಅವನದು ಅಡಿಪಾಯ. ಇಡೀ ಚಳಿಗಾಲ ದೂರ ನಿಂತೇ ಮಾತು.

ಸ್ವಲ್ಪ ಹೊತ್ತಿನ ಹಿಂದಷ್ಟೇ ಅವನು ಗುಂಡು ಹಾರಿಸುವ ಕಿಂಡಿ ತೋರಿಸಿ ಹೇಳಿದ್ದ: "ಒಳಗೆ ಅಗಲ, ಹೊರಗೆ ಸೀಳು. ನಿನ್ ಮಾಸ್ಕ್ ಥರಾನೇ. ನನ್ನೆಲ್ಲ ನೋಡ್ತೀಯ, ನನಗೆ ಬರೀ ಕಣ್ಣು."

"ಕಣ್ಣಿಗೇ ಇಷ್ಟ ಮಾತಾಡ್ತಿ. ಮಾರಿ ಕಂಡ್ರ?"

"ಮದುವೆ ಆಗ್ತೀಯಾ ಅಂತೀನಿ."

ಅವಳು ಮಾಸ್ಕ್ ಕೆಳಗಿಳಿಸಿ ನಕ್ಕಿದ್ದಳು. ಅದನ್ನು ತಿಪ್ಪಣ್ಣ ಹೆಬ್ಬಾಗಿಲಲ್ಲಿ ನಿಂತು ನೋಡಿದ್ದ.

ತಿಪ್ಪಣ್ಣ ಅವಳ ತಾಯಿಯ ತಮ್ಮ. ಅವಳನ್ನು ಈ ದೇಶಕ್ಕೆ ಕರೆತಂದವನೂ ಅವನೇ. ಇವತ್ತು ಹೇಳದೆ ಕೇಳದೆ ತಾನಿದ್ದ ನೂರ್ಡ್‌ವೈಕ್ ಊರಿನಿಂದ ಅವಳನ್ನು ನೋಡಲು ಬಂದಿದ್ದ. ಅಕ್ಕನ ಮಗಳ ಮೇಲೆ ಸೋದರಮಾವನಿಗೇ ಮೊದಲ ಹಕ್ಕು. ಅವಳು ತೊಟ್ಟಿಲಲ್ಲಿದ್ದಾಗಲೇ ಮಾತು ಮುಗಿದಿತ್ತು. ಅವಳನ್ನು ಯಾರೂ ಕೇಳಿರಲಿಲ್ಲ. ಅವಳೂ ಬಾಯಿ ಬಿಟ್ಟಿರಲಿಲ್ಲ.

ಚಿರಂತನ ಎದ್ದು ತಲೆಯಿಂದಲೇ ಡಿಕ್ಕಿ ಹೊಡೆದ. ತಿಪ್ಪಣ್ಣನ ಮೂಗು ಮುರಿಯಿತು. ತಿಪ್ಪಣ್ಣ ಎರಡೂ ಕೈಯಿಂದ ನೂಕಿದ. ಸೇತುವೆಯಂಚಿನ ಹಳೆಯ ಕಟಕಟೆ ಮುರಿದು ಚಿರಂತನ ಕಂದಕಕ್ಕೆ ಬಿದ್ದ.

ಆ ಫೆಬ್ರವರಿಯಲ್ಲಿ ಕಂದಕ ಹೆಪ್ಪುಗಟ್ಟಿತ್ತು, ಊರ ಮಕ್ಕಳು ಅದರ ಮೇಲೆ ಸ್ಕೇಟ್ ಮಾಡಿದ್ದರು. ಆದರೆ ಸೇತುವೆಯ ಕೆಳಗೆ ಹಿಮ ಯಾವಾಗಲೂ ತೆಳು. ಅದು ಒಡೆದು ಅವನನ್ನು ನುಂಗಿತು.

ಅವನ ತಲೆ ನೀರಿನಿಂದ ಮೇಲೆ ಬಂತು. ಕೈ ಗೋಡೆಯನ್ನು ಪರಚಿತು. ಆ ಗೋಡೆ ನೀರಿನಿಂದ ನೆಟ್ಟಗೆ ಎದ್ದಿತ್ತು. ಕಾಲೂರಲು ಅಂಚು ಸಿಗಬಾರದೆಂದೇ ಕಟ್ಟಿದ್ದು. ಹಿಂದೆ ಮುತ್ತಿಗೆ ಹಾಕಿದ ಸೈನಿಕರು ಇಲ್ಲೇ ಉಗುರು ಕಿತ್ತುಕೊಂಡು ಮುಳುಗಿದ್ದರು.

ಕೋಟೆಯ ನೆಲಮಾಳಿಗೆಯಲ್ಲಿ ದೋಣಿ ಒಳಬರುವ ಬಾಗಿಲೊಂದಿತ್ತು, ಸೇತುವೆಯ ಪಕ್ಕಕ್ಕೇ, ನೀರಿನ ಮಟ್ಟದಲ್ಲಿ. ಅಮೂಲ್ಯಾ ಓಡಿದಳು. ತುಕ್ಕು ಹಿಡಿದ ಅಗುಳಿಯನ್ನು ಒದ್ದು ಮುರಿದಳು. ಹೊಟ್ಟೆಯ ಮೇಲೆ ಹಿಮಕ್ಕೆ ತೆವಳಿದಳು. ಅದು ಅವಳ ಎದೆಯಡಿ ಬಿರಿಯಿತು.

ಹಿಂದಿನಿಂದ ಯಾರೋ ಅವಳ ಕಾಲು ಹಿಡಿದರು. ತಿಪ್ಪಣ್ಣ. ಮೂಗಿನಿಂದ ರಕ್ತ ಸುರಿಯುತ್ತಿತ್ತು.

"ನಾ ಹಿಡದೇನಿ. ಜಗ್ಗು."

ಅವಳು ಚಿರಂತನನ ಕೂದಲಿಗೆ ಕೈ ಹಾಕಿದಳು, ಆಮೇಲೆ ಕಾಲರಿಗೆ. ಹಿಮದ ಅಂಚು ಅವನ ಗದ್ದ ಸೀಳಿತು. ಬಿಡದೆ ಎಳೆದು ಹೊಸ್ತಿಲಿಗೆ ಹಾಕಿದಳು.

ತಿಪ್ಪಣ್ಣ ಇನ್ನೂ ಕಾಲು ಬಿಟ್ಟಿರಲಿಲ್ಲ.

"ಮಾವಾ, ಕೈ ತಗಿ. ನಾ ನಿನ್ನ ಮದಿವಿ ಆಗಂಗಿಲ್ಲ."

"ಮೊದಲ ಹೇಳಬೇಕಿತ್ತು."

"ನೀ ಕೇಳಬೇಕಿತ್ತು."

ಅವನು ಕೈ ತೆಗೆದ. ತನ್ನ ಕೋಟು ಬಿಚ್ಚಿ ಚಿರಂತನನ ಮೇಲೆ ಎಸೆದು, ಆಂಬ್ಯುಲೆನ್ಸಿಗೆ ಫೋನ್ ಮಾಡುತ್ತ ಮೆಟ್ಟಿಲು ಹತ್ತಿದ. ಹಿಂದೆ ನೋಡಲಿಲ್ಲ.

ಚಿರಂತನನ ಹಲ್ಲು ಕಟಕಟಿಸುತ್ತಿದ್ದವು. "ಅಂದ್ರೆ... ನನಗೆ ಯೆಸ್ ಅಂತಾನಾ?"

"ಮೊದಲ ಅಂಗಿ ಬಿಚ್ಚು. ಸಾಯ್ತಿ."

ಅವನ ಬೆರಳು ಮಡಚುತ್ತಿರಲಿಲ್ಲ. ಅವಳು ಅಂಗಿಯನ್ನು ಹರಿದೇ ಹಾಕಿದಳು. ತನ್ನ ಜಾಕೆಟ್ ಬಿಚ್ಚಿ ಅವನನ್ನು ಮೈಗೆ ಎಳೆದುಕೊಂಡು, ಮಾವನ ಕೋಟು ಹೊದಿಸಿದಳು. ಅವನ ಗದ್ದದ ರಕ್ತ ಅವಳ ಕುತ್ತಿಗೆಯಲ್ಲಿ ಬಿಸಿಯಾಗಿ ಇಳಿಯಿತು.

"ಹೂಂ," ಎಂದಳು.

"ಕಿವೀಲಿ ನೀರಿದೆ. ಇನ್ನೊಂದ್ಸಲ ಹೇಳು."

ಅವಳು ಹೇಳಿದಳು.