ಕೈಬಿಟ್ಟ ಕಂಪನ

ಗ್ರೇಟರ್ ನೋಯ್ಡಾದಲ್ಲಿ ಬೆಳಿಗ್ಗೆ ಹೊಸ ಕಟ್ಟಡವೊಂದು ಕುಸಿಯಿತು. ಮಧ್ಯಾಹ್ನ ಮೂವರು ಕೂಲಿಗಳ ಹೆಣ ಹೊರತೆಗೆದರು. ಅಡಿಪಾಯದ ಕೆಳಗೆ ಹಳೆಯ ಕೆರೆ ಮುಚ್ಚಿದ್ದ ಸಡಿಲ ಮಣ್ಣಿತ್ತು. ದೊಡ್ಡವರೆಲ್ಲ ಜಾರಿಕೊಂಡರು. ಸಿಕ್ಕಿಬಿದ್ದವಳು ಧಾರಿಣಿ. ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಅಲ್ಲಿ ನೆಲ ನಡುಗಿಸಿ ಆಳ ತೋರಿಸುವ ಸರ್ವೆ ಯಂತ್ರ ಓಡಿಸಿ, ನೆಲ ಗಟ್ಟಿ ಎಂಬ ವರದಿಗೆ ಸಹಿ ಹಾಕಿದ್ದು ಅವಳೇ.

ವರದಿಗಾರ್ತಿ ವೈಜಯಂತಿ ಠಾಣೆಯಲ್ಲಿ ಅವಳನ್ನು ಕಂಡಳು.

"ಯಂತ್ರ ಕೆಟ್ಟಿತ್ತಾ?"

"ಇಲ್ಲ ಅಕ್ಕಾ. ನೆಲ ನಡುಗಿಸೋ ಸಿಗ್ನಲ್ ಆಫೀಸಿಂದ ಬರುತ್ತೆ. ನಿಧಾನದ ಕಂಪನ ಆಳಕ್ಕೆ ಇಳಿಯುತ್ತೆ. ಅವತ್ತು ಅದೇ ಇರಲಿಲ್ಲ."

"ಯಾಕೆ?"

"ಲಾರಿಗಳ ಗದ್ದಲವೂ ನಿಧಾನದ್ದೇ. ಎರಡೂ ಬೆರೆತು ಚಿತ್ರ ಕೆಡುತ್ತೆ, ಅದಕ್ಕೇ ಬಿಟ್ಟೆ ಅಂದ್ರು ಮುರಳೀಧರ ಸರ್."

ಸಿಗ್ನಲ್ ರೂಪಿಸಿದ ಮುರಳೀಧರ ವೈಜಯಂತಿಯ ಒಡಹುಟ್ಟಿದ ಅಣ್ಣ. ಕಾರಣ ಕೇಳಿ ಅವಳ ಜೀವಕ್ಕೆ ಸಮಾಧಾನವಾಯಿತು.

*

ಆ ಸಮಾಧಾನ ಸರ್ವೆ ವರದಿಯ ಫೋಟೊ ನೋಡುವವರೆಗೆ ಮಾತ್ರ. ಯಂತ್ರದ ಸುತ್ತ ಹೊಗೆಮಂಜು. ಎಲ್ಲರ ಮುಖಕ್ಕೂ ಮಾಸ್ಕ್. ಹಿಂದಿನ ಹೆದ್ದಾರಿ ಖಾಲಿ. ಆ ವಾರದ ಸುದ್ದಿ ಬರೆದವಳು ತಾನೇ ಎಂಬುದು ಅವಳಿಗೆ ನೆನಪಾಯಿತು.

*

ದೆಹಲಿಯ ವಸಂತ್ ಕುಂಜ್‌ನ ತನ್ನ ಮನೆಯಲ್ಲಿ ಅಣ್ಣ ಚಹಾ ಕೊಟ್ಟ.

"ಮಾಲಿನ್ಯ ಅಂತ ಆ ವಾರ ಲಾರಿ ಬಂದ್ ಮಾಡಿದ್ರು, ಅಣ್ಣಾ. ಯಾವ ಗದ್ದಲಕ್ಕೆ ಹೆದರಿದೆ?"

"ಅಚ್ಛಾ, ಅದಾ? ಸಿಗ್ನಲ್ ಮೊದಲೇ ಮಾಡಿಟ್ಟಿದ್ದೆ ಕಣೇ."

"ರಸ್ತೆ ಖಾಲಿ ಇದೆ, ನಿಧಾನದ್ದೂ ಸೇರಿಸಲಾ ಅಂತ ಧಾರಿಣಿ ನಿಂಗೆ ಫೋನ್ ಮಾಡಿದ್ಲಂತೆ. ನೀನೇ ಬೇಡ ಅಂದೆಯಂತೆ. ಕೆಳಗೆ ಕೆರೆ ಇದೆ ಅಂತ ನಿಂಗೆ ಗೊತ್ತಿತ್ತು. ಅದು ಕಾಣದ ಹಾಗೆ ಸಿಗ್ನಲ್ ಕತ್ತರಿಸಿದೆ. ಗದ್ದಲ ಬರೀ ನೆಪ."

ಮುರಳೀಧರ ಲೋಟ ಕೆಳಗಿಟ್ಟ.

"ಮೂರೇ ಮಹಡಿ ಅಂದಿದ್ದ ಬಿಲ್ಡರ್. ಹದಿನೆಂಟು ಎಬ್ಬಿಸ್ತಾನೆ ಅಂತ ನಂಗೇನು ಗೊತ್ತು?"

"ಏನು ಕೊಟ್ಟ ನಿಂಗೆ?"

"ನಂಗಲ್ಲ ವೈಜಿ. ನೀನು ಬಾಡಿಗೆ ಮನೆ ಹುಡುಕ್ತಾ ಅಲೀತಿದ್ದೆ. ನೋಡೋಕಾಗಲಿಲ್ಲ."

ರೋಹಿಣಿ ಬಡಾವಣೆಯಲ್ಲಿ ಅವಳಿರುವ ಫ್ಲ್ಯಾಟು. ಅಣ್ಣ ತನ್ನ ದುಡಿಮೆಯಲ್ಲಿ ಕೊಡಿಸಿದ ಉಡುಗೊರೆ ಎಂದು ಅವಳು ಊರೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ಅಣ್ಣನ ಮೇಲೆ ಎಷ್ಟು ಸಿಟ್ಟೋ ತನ್ನ ಮೇಲೂ ಅಷ್ಟೇ ಅಸಹ್ಯ.

ಚೀಲದಿಂದ ಆ ಫ್ಲ್ಯಾಟಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು.

"ಧಾರಿಣಿ ಇವತ್ತು ಲಾಕಪ್ಪಲ್ಲಿ ಮಲಗಲ್ಲ. ಚಲೋ, ಠಾಣೆಗೆ ಹೋಗೋಣ. ಚಪ್ಪಲಿ ಹಾಕ್ಕೋ."